ಪರದೇಶದ ಸೇವೆಯಲ್ಲಿ ಕಂಡ ಸಣ್ಣ ಉಪಕಾರಗಳು

ಸ್ವದೇಶವನ್ನು ಬಿಟ್ಟು ಸುವಾರ್ತಾಸೇವೆಗಾಗಿ ದೂರದ ನಾಡುಗಳಿಗೆ ಹೋದವರ ಚರಿತ್ರೆಗಳನ್ನು ನಾವು ಓದುವಾಗ ದೊಡ್ಡ ಸಂಗತಿಗಳನ್ನೇ ಹುಡುಕುವುದುಂಟು. ಮೊದಲನೆಯ ಶಾಲೆ ಯಾವ ಊರಿನಲ್ಲಿ ಆಯಿತು, ದೇವಾಲಯಕ್ಕೆ ಅಸ್ತಿವಾರ ಹಾಕಿದವರು ಯಾರು, ಗ್ರಂಥ ಯಾವ ವರ್ಷ ಅಚ್ಚಾಯಿತು, ಇವೇ ನಮ್ಮ ಪ್ರಶ್ನೆಗಳು. ಆದರೆ ಆ ಸೇವಕರ ದಿನವೆಲ್ಲ ಕಳೆದದ್ದು ಸಣ್ಣ ಸಂಗತಿಗಳಲ್ಲಿ. ದಾರಿ ತಪ್ಪಿದಾಗ ಎದುರಿಗೆ ಬಂದ ಕುರಿಗಾಹಿ, ಜ್ವರದ ದಿವಸ ಬಾಗಿಲಿಗೆ ಬಂದ ಗಂಜಿ, ಬಿಸಿಲಿನಲ್ಲಿ ಒಂದು ತಂಬಿಗೆ ನೀರು ಇಂಥವುಗಳಲ್ಲಿ ದೇವರ ನಡಿಸುವಿಕೆಯನ್ನು ಹೇಗೆ ಗುರುತಿಸಬೇಕೆಂಬುದೇ ಈ ಪಾಠದ ವಿಷಯವಾಗಿರುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಿಂದ ಬಂದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನೀರಿನ ಮಾತನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಮಳೆ ಕಡಮೆಯಾದ ಸೀಮೆ. ಆದರೂ ಇಲ್ಲಿನ ಮರಳು ನೆಲದಲ್ಲಿ ತಲಪರಿಗೆಯೆಂಬ ಒಂದು ಏರ್ಪಾಡುಂಟು. ಹಳ್ಳದ ಬದಿಯಲ್ಲಿಯೋ ಕೆರೆಯ ಹತ್ತಿರದಲ್ಲಿಯೋ ಸ್ವಲ್ಪ ಆಳ ತೋಡಿದರೆ ಒರತೆಯ ನೀರು ಜಿನುಗುವುದು. ಅದಕ್ಕೆ ಕಾಲುವೆ ತೆಗೆದು ಹೊಲಗದ್ದೆಗಳಿಗೆ ಹಾಯಿಸುವರು. ಊರಿನವರು ಕೂಡಿ ಹೂಳನ್ನು ತೆಗೆಯುತ್ತಿದ್ದರೆ ಮಾತ್ರ ಅದರ ಕಣ್ಣು ತೆರೆದಿರುವುದು. ಕೊಳವೆಬಾವಿಗಳು ಹೆಚ್ಚಿದ ಮೇಲೆ ಅನೇಕ ತಲಪರಿಗೆಗಳು ಬತ್ತಿಹೋದುವು; ಕೆಲವೆಡೆ ಜನರು ಹೂಳೆತ್ತಿ ಮತ್ತೆ ನೀರು ಕಂಡದ್ದೂ ಉಂಟು. ಇಂಥ ನಾಡಿನಲ್ಲಿ ಅಪರಿಚಿತನಿಗೆ ಒಂದು ಚೊಂಬು ನೀರು ಕೊಡುವುದು ಎಷ್ಟರ ಮಟ್ಟಿನ ದಾನವೆಂಬುದನ್ನು ಬೇಸಿಗೆಯಲ್ಲಿ ಕೊಡ ಹೊತ್ತವರೇ ಬಲ್ಲರು.

ಈಗ ಆದಿಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯವನ್ನು ನೋಡೋಣ. ಅಬ್ರಹಾಮನ ಸೇವಕನು ತನ್ನ ಧಣಿಯ ಮಗನಿಗೆ ಹೆಣ್ಣು ತರಲು ದೂರದೇಶಕ್ಕೆ ಹೋಗಿ, ಸಂಜೆಯ ಹೊತ್ತಿನಲ್ಲಿ ಊರ ಹೊರಗಣ ಬಾವಿಯ ಬಳಿ ನಿಂತು ಪ್ರಾರ್ಥಿಸಿದನು. ಆಗ ರೆಬೆಕ್ಕಳು ಬಂದಳು. ಅವನು ಕೇಳಿದ್ದು ತನಗೆ ಒಂದು ಗುಟುಕು ನೀರು. ಅವಳು ಅವನ ಹತ್ತು ಒಂಟೆಗಳಿಗೂ ಸಾಕಾಗುವಷ್ಟು ತಂದು ಹೊಯ್ದಳು. ಈ ಕಥೆಯನ್ನು ಮದುವೆಯ ಕಥೆಯೆಂದು ಮಾತ್ರ ಓದುವವರು ಬಹಳ. ನಮಗೆ ಅದರಲ್ಲಿ ಅಧಿಕವಾಗಿ ತೋರುವ ಸಂಗತಿ ಯಾವುದೆಂದರೆ, ತಾನು ಒಬ್ಬನ ಪ್ರಾರ್ಥನೆಗೆ ಉತ್ತರವಾಗಿದ್ದೇನೆಂಬುದು ಆ ಹುಡುಗಿಗೆ ತಿಳಿದಿರಲಿಲ್ಲ. ದಣಿದ ಪ್ರಯಾಣಿಕನನ್ನೂ ಬಾಯಾರಿದ ಪಶುಗಳನ್ನೂ ಕಂಡಳು, ಬಾವಿಗೆ ಇಳಿದು ಹತ್ತಿದಳು, ಅಷ್ಟೆ. ನಡಿಸುವಿಕೆಯನ್ನು ಕಂಡವನು ಸೇವಕನು, ದುಡಿದವಳು ಅವಳು. ಪರದೇಶದ ಸೇವೆಯ ವರದಿಗಳಲ್ಲಿಯೂ ಬಹುಮಟ್ಟಿಗೆ ಹೀಗೆಯೇ. ದೇವರು ಒದಗಿಸಿದನೆಂದು ಬರೆದ ಸಾಲಿನ ಹಿಂದೆ ಕೊಡ ಹೊತ್ತ ಒಬ್ಬ ಹೆಂಗಸು ಇರುವಳು. ಅವಳ ಹೆಸರು ಮಾತ್ರ ಸಾಲಿನಲ್ಲಿ ಇರುವುದಿಲ್ಲ.

ಅದಲ್ಲದೆ ನಮ್ಮ ದೇಶದಲ್ಲಿ ನೀರು ಕೊಡುವುದು ಸುಲಭವಾದ ಕಾರ್ಯವೂ ಆಗಿರಲಿಲ್ಲ. ಯೋಹಾನನ ಸುವಾರ್ತೆಯಲ್ಲಿ ಸಮಾರ್ಯದ ಹೆಂಗಸು ಯೇಸುವಿನ ಬೇಡಿಕೆಗೆ ಆಶ್ಚರ್ಯಪಟ್ಟಳಷ್ಟೆ. ಅವಳ ಆಶ್ಚರ್ಯವನ್ನು ಇಂಗ್ಲೆಂಡಿನ ಓದುಗನಿಗೆ ಟೀಕೆಯಿಟ್ಟು ತಿಳಿಸಬೇಕಾಗುವುದು. ನಮ್ಮ ಅಜ್ಜಿಯರಿಗೆ ಟೀಕೆ ಬೇಕಿರಲಿಲ್ಲ. ಯಾರ ಕೈನೀರು ಯಾರಿಗೆ ಸಲ್ಲುವುದು, ಯಾವ ಬಾವಿಗೆ ಯಾರು ಇಳಿಯಬಹುದು ಎಂಬ ಕಟ್ಟುಗಳು ಹಳ್ಳಿಹಳ್ಳಿಯಲ್ಲಿಯೂ ಇದ್ದುವು. ಮಿಶನೆರಿಗೆ ನೀರು ಕೊಟ್ಟ ಮನೆಯವರು ನೆರೆಯವರ ಮಾತಿಗೆ ಗುರಿಯಾಗಬೇಕಾಗಿತ್ತು. ಕ್ರೈಸ್ತರಾದವರಿಗೆ ಊರ ಬಾವಿಯೇ ಮುಚ್ಚಿಹೋಗುವ ಭಯವಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಅದಕ್ಕೆ ನೂರು ವರ್ಷಗಳ ಹಿಂದೆ, ಕಾನೂನಿನ ಬೆಂಬಲವಿಲ್ಲದೆ, ಪರದೇಶಿಗೆ ಚೊಂಬನ್ನು ನೀಡಿದ ಕೈ ಧೈರ್ಯವುಳ್ಳ ಕೈಯೇ ಸರಿ.

ನಮ್ಮ ಜಿಲ್ಲೆಯಲ್ಲಿ ಈ ಸೇವೆಯ ಆರಂಭವನ್ನು ಕುರಿತು ಕೆಲವು ಮಾತು ಹೇಳಬೇಕಾಗಿದೆ. ಥಾಮಸ್ ಹಾಡ್ಸನರು 1837ರಲ್ಲಿ ಗುಬ್ಬಿಯಲ್ಲಿ ವೆಸ್ಲಿಯನ್ ಮಿಶನಿನ ಕೆಲಸವನ್ನು ಪ್ರಾರಂಭಿಸಿದರು. 1839ರಲ್ಲಿ ಐರ್ಲೆಂಡಿನ ವಿಲಿಯಂ ಆರ್ಥರರು ಅವರೊಡನೆ ಸೇರಿಕೊಂಡರು. ಆಗ ಆರ್ಥರರಿಗೆ ಇಪ್ಪತ್ತು ವರ್ಷ ವಯಸ್ಸು. ಆ ಪ್ರಾಯದ ಹುಡುಗರು ಇಂದು ಕಾಲೇಜಿನಿಂದ ಮನೆಗೆ ಬರುವಾಗ ಬಸ್ಸು ತಪ್ಪಿದರೆ ತಾಯಂದಿರು ಬಾಗಿಲಲ್ಲಿ ನಿಲ್ಲುತ್ತಾರೆ. ಆರ್ಥರರು ಕನ್ನಡವನ್ನು ಕಲಿತರು, ಹಳ್ಳಿಗಳಲ್ಲಿ ಸಂಚರಿಸಿದರು. ಆದರೆ ಕಣ್ಣು ಕೆಟ್ಟದ್ದರಿಂದ 1841ರಲ್ಲಿ ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಅವರ ಸೇವೆ ಎರಡು ವರ್ಷಗಳಲ್ಲಿಯೇ ಮುಗಿಯಿತೆಂದು ಯಾರಾದರೂ ಹೇಳಬಹುದಾಗಿತ್ತು. 1847ರಲ್ಲಿ ಅವರು ಮೈಸೂರು ಸೀಮೆಯ ಮಿಶನನ್ನು ಕುರಿತು ಬರೆದ ಪುಸ್ತಕವು ಪ್ರಕಟವಾಯಿತು. ಮುಂದೆ ಅವರು ಆ ಮಿಶನ್ ಸಂಘದ ಕಾರ್ಯದರ್ಶಿಗಳಲ್ಲಿ ಒಬ್ಬರಾದರು.

ಇಲ್ಲಿ ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯವು ಜ್ಞಾಪಕಕ್ಕೆ ಬರುತ್ತದೆ. ಪೌಲನು ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದಾಗ ತಡೆಯಲ್ಪಟ್ಟನು. ತ್ರೋವದಲ್ಲಿ ರಾತ್ರಿಯ ದರ್ಶನದಿಂದ ಮಕೆದೋನ್ಯಕ್ಕೆ ದಾಟಿದನು. ದರ್ಶನದಲ್ಲಿ ಕಂಡವನು ಗಂಡಸು. ಫಿಲಿಪ್ಪಿ ಪಟ್ಟಣಕ್ಕೆ ಹೋದಾಗ ಮೊದಲು ಮನೆಯ ಬಾಗಿಲು ತೆರೆದವಳು ಲುದ್ಯಳೆಂಬ ವ್ಯಾಪಾರಸ್ಥಳು. ನಡಿಸುವಿಕೆಯು ನಾವು ಎಣಿಸಿದ ರೂಪದಲ್ಲಿಯೇ ಬರುವುದಿಲ್ಲವೆಂಬುದಕ್ಕೆ ಇಷ್ಟು ಸಾಕು. ಕನ್ನಡ ಬೈಬಲಿನ ಚರಿತ್ರೆಯಲ್ಲಿಯೂ ಇಂಥದೇ ಒಂದು ಮುಚ್ಚಿದ ಬಾಗಿಲಿದೆ. ಲಂಡನ್ ಮಿಶನಿನ ಜಾನ್ ಹ್ಯಾಂಡ್ಸರು ಶ್ರೀರಂಗಪಟ್ಟಣಕ್ಕೆ ನೇಮಿಸಲ್ಪಟ್ಟಿದ್ದರು. ಅಲ್ಲಿಗೆ ಹೋಗಲು ಅಡ್ಡಿಗಳುಂಟಾಗಿ, 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಅಲ್ಲಿಯೇ ಭಾಷಾಂತರದ ಕೆಲಸವು ನಡೆದು, 1831ರ ಹೊತ್ತಿಗೆ ಸಂಪೂರ್ಣ ಬೈಬಲು ಕನ್ನಡದಲ್ಲಿ ದೊರೆಯಿತು. ಹೀಗೆಂದು ಅಡ್ಡಿಯಾದದ್ದೆಲ್ಲ ದೈವಸಂಕಲ್ಪವೆಂದು ಆತುರಪಟ್ಟು ಹೇಳುವುದನ್ನು ನಾವು ಒಪ್ಪುವುದಿಲ್ಲ. ಹಿಂದಿರುಗಿ ನೋಡುವವನಿಗೆ ದಾರಿ ನೆಟ್ಟಗೆ ಕಾಣುವುದು. ನಡೆಯುತ್ತಿದ್ದವನಿಗೆ ಅದು ಬರಿಯ ಧೂಳು. ಹ್ಯಾಂಡ್ಸರು ಬಳ್ಳಾರಿಯ ದಾರಿ ಹಿಡಿದ ದಿನ ಅವರಿಗೆ ಕೊರಗೇ ಇದ್ದಿರಬಹುದು.

ಕ್ಷಾಮದ ಕಾಲವನ್ನು ಮಾತ್ರ ಬೇಗನೆ ದಾಟಿ ಹೋಗಲಾಗದು. 1876ರಿಂದ 1878ರ ವರೆಗೆ ಮೈಸೂರು ಸೀಮೆಯಲ್ಲಿ ಬಿದ್ದ ಬರವನ್ನು ನಮ್ಮ ಮುತ್ತಜ್ಜಿಯರು ಮಕ್ಕಳಿಗೆ ಹೇಳುವಾಗ ಧ್ವನಿ ತಗ್ಗಿಸುತ್ತಿದ್ದರು. 1871ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಈ ಎರಡು ಸಂಖ್ಯೆಗಳ ನಡುವಣ ಅಂತರವನ್ನು ಮಕ್ಕಳು ಕಳೆದು ನೋಡಲಿ. ಲೆಕ್ಕದ ಪಾಠವಾಗಿ ಅದು ಸುಲಭ. ತಂದೆತಾಯಿಗಳಿಲ್ಲದ ಮಕ್ಕಳಿಗಾಗಿ ವೆಸ್ಲಿಯನ್ ಮಿಶನಿನವರು ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಶಾಲೆಗಳನ್ನು ನಡೆಸಿದರು. ಚಾರೆಪ್ತದ ವಿಧವೆಯ ಕಥೆಯನ್ನು ಈ ಸಂಖ್ಯೆಗಳ ಪಕ್ಕದಲ್ಲಿಟ್ಟು ಓದಬೇಕು. ಅವಳ ಮಡಕೆಯಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು. ಅದನ್ನು ಸುಟ್ಟು ತಿಂದು ಮಗನೊಡನೆ ಸಾಯುವುದೆಂದು ಅವಳು ಸೌದೆ ಆಯುತ್ತಿದ್ದಾಗ ಎಲೀಯನು ಬಂದು ಮೊದಲು ನೀರನ್ನು, ಆಮೇಲೆ ರೊಟ್ಟಿಯನ್ನು ಕೇಳಿದನು. ಅವಳು ಎಲೀಯನ ಜನಾಂಗದವಳಲ್ಲ, ಅವನ ದೇಶದವಳಲ್ಲ. ದೇವರ ಪ್ರವಾದಿಯು ಆ ಬರದಲ್ಲಿ ಬದುಕಿದ್ದು ಪರದೇಶದ ಬಡ ಹೆಂಗಸಿನ ಒಲೆಯಿಂದ. ಬರಗಾಲದಲ್ಲಿ ಗಂಜಿಕೇಂದ್ರಗಳ ಲೆಕ್ಕ ಪುಸ್ತಕಗಳಲ್ಲಿ ಸಿಕ್ಕುತ್ತದೆ. ಪಕ್ಕದ ಮನೆಯ ಕೂಸಿಗೆ ತನ್ನ ಪಾಲಿನ ರಾಗಿ ಅಂಬಲಿಯನ್ನು ಎರೆದವಳ ಲೆಕ್ಕವನ್ನು ಬರೆದಿಟ್ಟವರಿಲ್ಲ.

ಉಪಕಾರವು ನಮ್ಮ ಮತದವರಿಂದಲೇ ಬರಬೇಕೆಂದು ಪೌಲನೂ ಎಣಿಸಲಿಲ್ಲ. ಅವನನ್ನು ಸೆರೆಯವನಾಗಿ ರೋಮಿಗೆ ಒಯ್ಯುತ್ತಿದ್ದ ಶತಾಧಿಪತಿ ಯೂಲ್ಯನು ಸೀದೋನಿನಲ್ಲಿ ಅವನು ಸ್ನೇಹಿತರ ಬಳಿಗೆ ಹೋಗಿ ಉಪಚಾರ ಹೊಂದುವಂತೆ ಬಿಟ್ಟನು. ಹಡಗು ಒಡೆದು ಮೆಲಿತೆಯ ದಡ ಸೇರಿದಾಗ ಅಲ್ಲಿನ ಜನರು ಮಳೆಯನ್ನೂ ಚಳಿಯನ್ನೂ ನೋಡಿ ಬೆಂಕಿ ಮಾಡಿ ಎಲ್ಲರನ್ನೂ ಸೇರಿಸಿಕೊಂಡರು. ಲೂಕನು ಈ ಬೆಂಕಿಯನ್ನು ಮರೆಯದೆ ಬರೆದಿಟ್ಟದ್ದು ನಮಗೆ ಬಹಳ ಸಂತೋಷ. ಹಾಡ್ಸನರಲ್ಲಿಯೂ ಆ ಗುಣವಿತ್ತೆಂದು ತೋರುತ್ತದೆ. ಅವರು 1877ರಲ್ಲಿ ಗುಬ್ಬಿಯ ಕೆಲಸವನ್ನೂ ನಮ್ಮ ಹಳ್ಳಿಯ ಬಾಳನ್ನೂ ವರ್ಣಿಸುವ ಪುಸ್ತಕವನ್ನು ಪ್ರಕಟಿಸಿದಾಗ ಅದಕ್ಕೆ ಇಟ್ಟ ಹೆಸರು ತಮ್ಮದಲ್ಲ, ಮುದಿ ದಾನಿಯೇಲನೆಂಬ ಒಬ್ಬ ಹಳ್ಳಿಗನದು.

ಭಾಷೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುವುದು. 1853ರಲ್ಲಿ ಬಂದ ಬಾಸೆಲ್ ಮಿಶನಿನ ಫೆರ್ಡಿನೆಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಹೊರಟಿತು. ಆಡುಮಾತು ಹೇಳಿಕೊಟ್ಟವರಿಲ್ಲದೆ ಅಂಥ ಗ್ರಂಥವಾಗುವುದುಂಟೆ? ಬೆಂಗಳೂರಿನಲ್ಲಿ ಮಿಶನೆರಿಯ ಮಗನಾಗಿ 1837ರಲ್ಲಿ ಹುಟ್ಟಿದ ಲೂಯಿಸ್ ರೈಸರು ಸರಕಾರದ ಕೆಲಸದಲ್ಲಿದ್ದು ಸಂಪಾದಿಸಿದ ಶಾಸನಸಂಪುಟಗಳಲ್ಲಿ ಹನ್ನೆರಡನೆಯದು ನಮ್ಮ ತುಮಕೂರು ಜಿಲ್ಲೆಯದು, 1904ರಲ್ಲಿ ಅಚ್ಚಾದದ್ದು. ಹೊಲದ ಬದುವಿನಲ್ಲಿ ಅರ್ಧ ಹೂತು ನಿಂತ ಕಲ್ಲನ್ನು ಇಲ್ಲಿದೆಯೆಂದು ತೋರಿಸುವವನು ದನ ಕಾಯುವ ಹುಡುಗನೇ ಸರಿ.

ನಡಿಸುವಿಕೆಯೆಂದರೆ ಯಾವಾಗಲೂ ಸವಿಯಾದ ಅನುಭವವೆಂದು ನಮ್ಮ ಹುಡುಗಿಯರು ತಿಳಿಯಬಾರದು. ಐಡಾ ಸ್ಕಡರ್ ಎಂಬ ಅಮೆರಿಕದ ತರುಣಿಯು ಓದು ಮುಗಿಸಿ, ಅಸ್ವಸ್ಥಳಾದ ತಾಯಿಗೆ ಸಹಾಯಮಾಡಲು ತಮಿಳುನಾಡಿನ ತಿಂಡಿವನಕ್ಕೆ ಬಂದಿದ್ದಳು. ಅಲ್ಲಿ ಉಳಿಯುವ ಮನಸ್ಸು ಅವಳಿಗಿರಲಿಲ್ಲ. ಒಂದು ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರು ಬಂದು, ಪ್ರಸವವೇದನೆಯಲ್ಲಿರುವ ತಮ್ಮ ಹೆಂಡಿರಿಗೆ ಸಹಾಯ ಬೇಕೆಂದರು. ತಾನು ವೈದ್ಯಳಲ್ಲ, ತನ್ನ ತಂದೆ ವೈದ್ಯರೆಂದಳು. ಪರಪುರುಷನು ನೋಡಕೂಡದೆಂದು ಮೂವರೂ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಆ ಮೂವರು ತಾಯಂದಿರೂ ತೀರಿಹೋಗಿದ್ದರು. ಅವಳು ಅಮೆರಿಕಕ್ಕೆ ಹೋಗಿ ವೈದ್ಯವಿದ್ಯೆಯನ್ನು ಕಲಿತು 1900ರಲ್ಲಿ ಮರಳಿ ಬಂದಳು. ವೆಲ್ಲೂರಿನಲ್ಲಿ 1902ರಲ್ಲಿ ಆಸ್ಪತ್ರೆಯೂ 1918ರಲ್ಲಿ ಸ್ತ್ರೀಯರಿಗೆ ವೈದ್ಯಶಾಲೆಯೂ ಆದುವು. ಮೈಸೂರಿನಲ್ಲಿ 1906ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು ಸ್ಥಾಪಿತವಾಯಿತು; ಜನರು ಅದನ್ನು ಮಿಶನ್ ಆಸ್ಪತ್ರೆಯೆಂದೇ ಕರೆದರು. ಆ ಮೂವರು ತಾಯಂದಿರ ಮರಣವನ್ನು ದೇವರು ಕಳುಹಿಸಿದನೆಂದು ಹೇಳಲು ನಮಗೆ ಬಾಯಿ ಬಾರದು. ಆ ಬೆಳಗ್ಗೆ ಒಬ್ಬ ಹುಡುಗಿ ತನ್ನ ಹಡಗಿನ ಪ್ರಯಾಣದ ಯೋಚನೆಯನ್ನು ಬದಲಿಸಿದಳು, ಅದರಲ್ಲಿ ದೇವರ ಕೈ ಇತ್ತು, ಎಂದಷ್ಟನ್ನು ಹೇಳಬಲ್ಲೆವು.

ತಂದೆತಾಯಿಗಳು ಈ ಅಧ್ಯಾಯಗಳನ್ನು ಮನೆಯ ಪ್ರಾರ್ಥನೆಯಲ್ಲಿ ಒಂದೊಂದು ಸಂಜೆಗೆ ಒಂದರಂತೆ ಓದಿಸಬಹುದು. ಓದಿದ ಮೇಲೆ, ಇಲ್ಲಿ ನೀರು ಕೊಟ್ಟವರಾರು, ಬೆಂಕಿ ಮಾಡಿದವರಾರು, ಅವರ ಹೆಸರು ಗ್ರಂಥದಲ್ಲಿ ಉಂಟೋ ಇಲ್ಲವೋ ಎಂದು ಮಕ್ಕಳನ್ನು ಕೇಳಿರಿ. ಚಿಕ್ಕವರು ದೊಡ್ಡವರಿಗಿಂತ ಬೇಗ ಉತ್ತರ ಹೇಳುವರೆಂಬುದು ನಮ್ಮ ತರಗತಿಯ ಅನುಭವ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು. ಮಧುಗಿರಿಯ ಬೆಟ್ಟದ ಸುತ್ತಣ ಹಳ್ಳಿಗಳಲ್ಲಿ, ಶಿರಾದ ದಾರಿಯಲ್ಲಿ, ಜಯಮಂಗಲಿಯ ದಡದಲ್ಲಿ, ಪಾವಗಡದ ಕಡೆಯಲ್ಲಿ ಉಪದೇಶಿಗಳಿಗೂ ಬೈಬಲ್ ಸ್ತ್ರೀಯರಿಗೂ ಜಗಲಿಯಲ್ಲಿ ಸ್ಥಳ ಕೊಟ್ಟವರು, ಮಜ್ಜಿಗೆ ಕೊಟ್ಟವರು, ಗಾಡಿಯ ಚಕ್ರ ಮುರಿದಾಗ ಕೈಕೊಟ್ಟವರು ನಿಮ್ಮ ಹಿರಿಯರಲ್ಲಿಯೋ ನೆರೆಯವರಲ್ಲಿಯೋ ಇದ್ದಾರು. ಅವರು ಯಾವ ಮತದವರಾದರೂ ಆಗಲಿ, ಮುದುಕರು ಬದುಕಿರುವಾಗಲೇ ಕೇಳಿ, ಹೆಸರು, ಊರು, ಸಾಧ್ಯವಾದರೆ ವರ್ಷ ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಶಾಲೆಗೆ ಕಳುಹಿಸಿರಿ. ಅವರ ಮನೆಯವರ ಒಪ್ಪಿಗೆಯನ್ನೂ ಕೇಳಿಕೊಂಡು ಬರೆಯಿರಿ. ವಾಚನಾಲಯದ ಕಪಾಟಿನಲ್ಲಿ ಅದಕ್ಕೆಂದು ಒಂದು ಪುಸ್ತಕವನ್ನು ಇಟ್ಟಿದ್ದೇವೆ.