ಗೋಧಿ ಸೋಂಕದ ಊಟದ ಡಬ್ಬಾ: ಆರಂಭಿಸುವ ಮುನ್ನ ಒಂದು ಪಾಠ



ಮುಂಬಯಿ, ಪುಣೆ, ದೆಹಲಿ, ಹೈದರಾಬಾದುಗಳ ನಮ್ಮ ಹೋಟೆಲುಗಳ ಗಲ್ಲೆಯ ಮುಂದೆ ಈಗ ಆಗಾಗ ಕೇಳಿಬರುವ ಒಂದು ಪ್ರಶ್ನೆ: "ನಿಮ್ಮಲ್ಲಿ ಗ್ಲುಟೆನ್ ಫ್ರೀ ಏನಿದೆ? ದಿನಾ ಮಧ್ಯಾಹ್ನ ಡಬ್ಬಾ ಕಳಿಸಬಹುದೇ?" ಸಪ್ಲಾಯರ್ ಹುಡುಗ ತಡಮಾಡದೆ ಉತ್ತರಿಸುತ್ತಾನೆ: "ಇಡ್ಲಿ-ಸಾಂಬಾರ್ ಇದೆ, ದೋಸೆ ಇದೆ, ಅನ್ನ ಇದೆ. ಎಲ್ಲಾ ಅಕ್ಕಿಯದ್ದೇ." ಈ ಉತ್ತರ ಅರ್ಧ ಮಾತ್ರ ನಿಜ. ಉಳಿದ ಅರ್ಧದಲ್ಲಿ ಒಬ್ಬರ ಆರೋಗ್ಯವೂ ನಮ್ಮ ಹೋಟೆಲಿನ ಹೆಸರೂ ಇದೆ. ಇಂಥ ಡಬ್ಬಾ ಸೇವೆಯನ್ನು ಒಂದು ತಿಂಗಳ ಮಟ್ಟಿಗೆ ಪ್ರಾಯೋಗಿಕವಾಗಿ ನಡೆಸಿ ನೋಡಬೇಕೆಂದಿರುವ ಸದಸ್ಯರಿಗಾಗಿ ಈ ಲೇಖನ.

ಗ್ಲುಟೆನ್ ಎಂದರೇನು, ಯಾರಿಗೆ ಆಗದು?

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನಿಗೆ ಗ್ಲುಟೆನ್ ಎನ್ನುತ್ತಾರೆ. ಚಪಾತಿ ಹಿಟ್ಟು ಎಳೆದರೆ ಹರಿಯದೆ ಹಿಗ್ಗುವುದು, ಪರೋಟ ಪದರ ಪದರವಾಗಿ ಏಳುವುದು ಇದರಿಂದಲೇ. ಅಕ್ಕಿ, ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ಸಾಬೂದಾಣಿ, ಬೇಳೆಕಾಳುಗಳಲ್ಲಿ ಇದು ಇಲ್ಲ. ಮೈದಾ, ರವೆ, ಶ್ಯಾವಿಗೆ, ದಲಿಯಾ ಎಲ್ಲವೂ ಗೋಧಿಯ ಮಕ್ಕಳು, ಅವುಗಳಲ್ಲಿ ಇದೆ.

ಕೇಳುವ ಗ್ರಾಹಕರಲ್ಲಿ ಮೂರು ಬಗೆ. ತೂಕ ಇಳಿಸಲೆಂದು ಗೋಧಿ ಬಿಟ್ಟವರು ಒಂದು ಬಗೆ. ಗೋಧಿಯ ಅಲರ್ಜಿ ಇರುವವರು ಇನ್ನೊಂದು. ಸೀಲಿಯಾಕ್ ಎಂಬ ಕಾಯಿಲೆಯವರು ಮೂರನೆಯವರು. ಸೀಲಿಯಾಕ್ ಇದ್ದವರಿಗೆ ಗ್ಲುಟೆನ್ ಹೊಟ್ಟೆಗೆ ಹೋದರೆ ಅವರ ಶರೀರವೇ ಸಣ್ಣ ಕರುಳಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಭೇದಿ, ರಕ್ತಹೀನತೆ, ಸುಸ್ತು, ಮೂಳೆ ಸವೆತ ಬರಬಹುದು. ಮಕ್ಕಳಾದರೆ ಬೆಳವಣಿಗೆ ಕುಂಠಿತವಾಗುತ್ತದೆ. ಇದನ್ನು ಗುಣಪಡಿಸುವ ಮಾತ್ರೆ ಇಲ್ಲ. ಜೀವನಪರ್ಯಂತ ಗ್ಲುಟೆನ್ ಬಿಡುವುದೇ ಚಿಕಿತ್ಸೆ. ಅಂದರೆ ಇವರ ಮಟ್ಟಿಗೆ ನಾವು ಕಳಿಸುವ ಡಬ್ಬಾವೇ ಔಷಧಿ.

ಭಾರತದಲ್ಲಿ ಮೂರು ಪ್ರದೇಶಗಳಲ್ಲಿ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಂತೆ ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ, ದಕ್ಷಿಣದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಿಗೆ ಈ ಕಾಯಿಲೆ ಇದೆ. ಊರಲ್ಲಿ ನಮ್ಮ ಹಿರಿಯರು ಇದರ ಹೆಸರು ಕೇಳದಿರಲು ಇದೂ ಒಂದು ಕಾರಣ. ಆದರೆ ನಾವು ವ್ಯಾಪಾರ ಮಾಡುವ ನಗರಗಳಿಗೆ ಪಂಜಾಬ್, ಹರಿಯಾಣ, ಉತ್ತರಪ್ರದೇಶ, ದೆಹಲಿಗಳ ಯುವಕ-ಯುವತಿಯರು ಉದ್ಯೋಗಕ್ಕೆಂದು ಬಂದು ಒಬ್ಬಂಟಿಯಾಗಿ ರೂಮು ಮಾಡಿಕೊಂಡಿದ್ದಾರೆ. ಮನೆಯಲ್ಲಿ ತಾಯಿ ಮಾಡಿಕೊಡುತ್ತಿದ್ದ ಊಟಕ್ಕೆ ಬದಲಾಗಿ ಅವರಿಗೊಂದು ನಂಬಿಕೆಯ ಅಡುಗೆಮನೆ ಬೇಕು.

ಯುದ್ಧಕಾಲದ ಎರಡು ಕಥೆ

ಈ ಕಾಯಿಲೆಗೆ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಅವರಿಗೆ 1930ರ ದಶಕದಲ್ಲೇ ಸಂಶಯವಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಹಾಲೆಂಡಿನಲ್ಲಿ ಬರಗಾಲ ಬಿತ್ತು, ಬ್ರೆಡ್ಡು ಸಿಗದಾಯಿತು. ಊರೆಲ್ಲ ಹಸಿದಿರುವಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ಡು ಮತ್ತೆ ಬಂದಾಗ ಅವರ ಕಾಯಿಲೆಯೂ ಮರಳಿತು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಮಂಡಿಸಿದರು.

ಅದೇ ಮಹಾಯುದ್ಧದ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿ ಅಕ್ಕಿಗೆ ತತ್ವಾರ ಬಂದಾಗ ಎಂ.ಟಿ.ಆರ್.ನವರು ರವೆಯಿಂದ ಇಡ್ಲಿ ಮಾಡಿದರು ಎಂಬುದು ನಮ್ಮ ಉದ್ಯಮದವರೆಲ್ಲ ಬಲ್ಲ ಸಂಗತಿ. ಹೀಗೆ ಅಕ್ಕಿಯ ಇಡ್ಲಿಯ ಪಕ್ಕದಲ್ಲೇ ಗೋಧಿಯ ಇಡ್ಲಿಯೂ ನಮ್ಮ ಮೆನುವಿನಲ್ಲಿ ಬಂದು ಕುಳಿತಿತು. ಗ್ರಾಹಕರಿಗೆ ಎರಡೂ "ಇಡ್ಲಿ"ಯೇ. ಸೀಲಿಯಾಕ್ ಇದ್ದವರಿಗೆ ಒಂದು ಅನ್ನ, ಇನ್ನೊಂದು ವಿಷ. ಹೆಸರು ನೋಡಿ ಉತ್ತರ ಕೊಡಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಎಷ್ಟು ಗ್ಲುಟೆನ್ ಹೆಚ್ಚಾಯಿತು?

ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದಂತೆಯೂ ನಮ್ಮ ಎಫ್.ಎಸ್.ಎಸ್.ಎ.ಐ. ನಿಯಮದಂತೆಯೂ "ಗ್ಲುಟೆನ್ ರಹಿತ" ಎನಿಸಿಕೊಳ್ಳಲು ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಇದನ್ನು ನಮ್ಮ ಅಡುಗೆಮನೆಯ ಲೆಕ್ಕಕ್ಕೆ ತರೋಣ.

ಡಬ್ಬಾದಲ್ಲಿ ಅರ್ಧ ಕಿಲೋ ಊಟವಿದೆ ಎನ್ನಿ. ಮಿತಿ 10 ಮಿಲಿಗ್ರಾಂ. ಮೈದಾದಲ್ಲಿ ಸುಮಾರು ಹತ್ತನೇ ಒಂದು ಪಾಲು ಗ್ಲುಟೆನ್ ಎಂದು ಹಿಡಿದರೆ, 100 ಮಿಲಿಗ್ರಾಂ ಮೈದಾ ಬಿದ್ದರೆ ಮಿತಿ ಮುಟ್ಟಿತು. ಒಂದು ಚಹಾ ಚಮಚ ಮೈದಾವನ್ನು ಇಪ್ಪತ್ತೈದು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಇಷ್ಟು. ಪರೋಟ ತಟ್ಟುವ ಕಲ್ಲಿನಿಂದ ಹಾರಿದ ಹುಡಿ ಸಾಕು.

ಅಷ್ಟರಿಂದ ಏನಾಗುತ್ತದೆ ಎಂದು ಕೇಳಬಹುದು. ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸೀಲಿಯಾಕ್ ಇದ್ದವರಿಗೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಕೊಟ್ಟಾಗ ಕರುಳಿಗೆ ಹಾನಿ ಕಂಡುಬಂತು. ಅದು ಅರ್ಧ ಗ್ರಾಂ ಮೈದಾಕ್ಕೆ ಸಮ. ಒಂದು ದಿನ ಬಂದು ಹೋಗುವ ಗಿರಾಕಿಗಿಂತ ದಿನಾ ನಮ್ಮ ಡಬ್ಬಾ ಉಣ್ಣುವವರಿಗೆ ಅಪಾಯ ಹೆಚ್ಚು ಎಂಬುದು ಇದರಿಂದ ಸ್ಪಷ್ಟ.

ಇನ್ನೊಂದು ಮಾತು. ಗ್ಲುಟೆನ್ ಕುದಿಸಿದರೂ ಕರಿದರೂ ನಾಶವಾಗದು. ಅದನ್ನು ತಿಂದ ಕೂಡಲೇ ಎಲ್ಲರಿಗೂ ಹೊಟ್ಟೆನೋವು ಬರುವುದೂ ಇಲ್ಲ. ಕರುಳು ಒಳಗೊಳಗೇ ಕೆಡಬಹುದು. ಆದ್ದರಿಂದ "ಇಷ್ಟು ದಿನ ಯಾರೂ ಕಂಪ್ಲೇಂಟ್ ಮಾಡಿಲ್ಲ" ಎಂಬುದು ಪುರಾವೆಯಲ್ಲ.

ನಮ್ಮ ಅಡುಗೆಮನೆಯಲ್ಲಿ ಅಡಗಿರುವ ಗೋಧಿ

1. ಇಂಗು. ನಾವು ಕೊಳ್ಳುವ ಇಂಗಿನ ಹುಡಿ ಶುದ್ಧ ಇಂಗಲ್ಲ. ಅಂಟು ಮತ್ತು ಹಿಟ್ಟು ಸೇರಿಸಿ ಮಾಡಿದ ಮಿಶ್ರಣ. ಹಲವು ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿ ಅಥವಾ ಮೈದಾ. ಹತ್ತು ಕಿಲೋ ಸಾಂಬಾರಿಗೆ ಹತ್ತು ಗ್ರಾಂ ಇಂಗು, ಅದರಲ್ಲಿ ಅರ್ಧ ಮೈದಾ ಎನ್ನಿ. ಐದು ಗ್ರಾಂ ಮೈದಾದಲ್ಲಿ 500 ಮಿಲಿಗ್ರಾಂ ಗ್ಲುಟೆನ್, ಕಿಲೋಗೆ 50. ಮಿತಿಯ ಎರಡೂವರೆ ಪಟ್ಟು! ಅಕ್ಕಿಹಿಟ್ಟು ಬೆರೆಸಿದ ಇಂಗೂ ಮಾರುಕಟ್ಟೆಯಲ್ಲಿದೆ, ಅದನ್ನೇ ತರಿಸಬೇಕು. ಸಾಂಬಾರ್ ಹುಡಿ, ರಸಂ ಹುಡಿ, ಉಪ್ಪಿನಕಾಯಿ, ಹಪ್ಪಳಗಳಲ್ಲೂ ಇಂಗು ಇರುತ್ತದೆ.

2. ದೋಸೆ ಹಿಟ್ಟು. ಗರಿಗರಿ ಆಗಲೆಂದು, ಬಣ್ಣ ಬರಲೆಂದು ಕೆಲವು ಭಟ್ಟರು ಒಂದು ಹಿಡಿ ರವೆಯನ್ನೋ ಮೈದಾವನ್ನೋ ಸೇರಿಸುತ್ತಾರೆ. ಧಣಿಗಳಿಗೆ ಇದು ಗೊತ್ತೇ ಇರುವುದಿಲ್ಲ. ಪ್ರೀತಿಯಿಂದ ಕೇಳಿ ತಿಳಿಯಬೇಕು; ಗದರಿಸಿದರೆ ನಿಜ ಹೊರಬೀಳದು.

3. ಕಾವಲಿ. ರವಾ ದೋಸೆ ಹೊಯ್ದ ಕಾವಲಿಯಲ್ಲೇ ಸಾದಾ ದೋಸೆ. ಪಳಗಿದ ಕಬ್ಬಿಣದ ಕಾವಲಿಯನ್ನು ಎಷ್ಟು ಒರೆಸಿದರೂ ಸಾಲದು. ಬೇರೆ ಕಾವಲಿಯೇ ಬೇಕು.

4. ಬಾಣಲೆಯ ಎಣ್ಣೆ. ಉದ್ದಿನ ವಡೆಯಲ್ಲಿ ಗೋಧಿ ಇಲ್ಲ. ಆದರೆ ಪೂರಿ, ಗೋಳಿಬಜೆ, ಬನ್ಸ್ ಕರಿದ ಎಣ್ಣೆಯಲ್ಲೇ ಅದನ್ನೂ ಕರಿದರೆ ಅದು ಗ್ಲುಟೆನ್ ರಹಿತವಲ್ಲ.

5. ಗಿರಣಿ. ರಾಗಿ, ಜೋಳ, ಕಡಲೆಹಿಟ್ಟು ಬೀಸುವುದು ಗೋಧಿ ಬೀಸಿದ ಚಕ್ಕಿಯಲ್ಲೇ. ಧಾನ್ಯವನ್ನು ಆರಿಸಿ ತೊಳೆದು ಒಣಗಿಸಿ ಸ್ವಂತ ಮಿಕ್ಸಿಯಲ್ಲಿ ಹುಡಿ ಮಾಡಬೇಕು, ಇಲ್ಲವೇ ಗ್ಲುಟೆನ್ ರಹಿತ ಎಂದು ನಮೂದಿಸಿದ ಪ್ಯಾಕೆಟ್ ತರಿಸಬೇಕು. ಜೋಳದ ರೊಟ್ಟಿ ತಟ್ಟುವಾಗ ಗೋಧಿ ಹಿಟ್ಟು ಉದುರಿಸುವ ಅಭ್ಯಾಸವೂ ಇದೆ.

6. ಇತರ. ಶ್ಯಾವಿಗೆ ಪಾಯಸ, ಕೇಸರಿಬಾತ್, ಸೋಯಾ ಸಾಸ್, ದಪ್ಪವಾಗಲೆಂದು ಮೈದಾ ಕದಡಿದ ಗ್ರೇವಿ, ಹಾರ್ಲಿಕ್ಸ್ ಮುಂತಾದ ಮಾಲ್ಟ್ ಪಾನೀಯಗಳು.

ನಮಗೆ ಹೊಸದಲ್ಲದ ಶಿಸ್ತು

ಇಷ್ಟು ಓದಿ ಕೈಬಿಡಬೇಕಾಗಿಲ್ಲ. ಮಡಿಯಲ್ಲಿ ಅಡುಗೆ ಮಾಡುವುದನ್ನು ನೋಡಿ ಬೆಳೆದವರು ನಾವು. ಮುಟ್ಟಿದ್ದು ಯಾವುದು, ಮುಟ್ಟದ್ದು ಯಾವುದು ಎಂಬ ಎಚ್ಚರ ಉಡುಪಿಯ ಅಡುಗೆಯವರ ರಕ್ತದಲ್ಲೇ ಇದೆ. ಮುಂಬಯಿಗೆ ಬಂದ ಮೇಲೆ ಜೈನ ಗ್ರಾಹಕರಿಗೆ ಈರುಳ್ಳಿ-ಬೆಳ್ಳುಳ್ಳಿ ಸೋಂಕದ ಪಾತ್ರೆ ಬೇರೆ ಇಟ್ಟೆವು. ಏಕಾದಶಿ, ಚತುರ್ಥಿಗಳಿಗೆ ಉಪವಾಸದ ಸಾಬೂದಾಣಿ ಖಿಚಡಿ, ರಾಜಗಿರಿ ಪೂರಿ ಬೇರೆ ಮಾಡಿದೆವು. ಗ್ಲುಟೆನ್ ರಹಿತ ಅಡುಗೆಗೂ ಬೇಕಾದ್ದು ಇದೇ ಶಿಸ್ತು. ಭಟ್ಟರಿಗೆ ಪ್ರೋಟೀನಿನ ಪಾಠ ಹೇಳುವುದಕ್ಕಿಂತ "ಇದು ಗೋಧಿಯ ಮಡಿ" ಎಂದರೆ ಒಂದೇ ಮಾತಿಗೆ ತಿಳಿಯುತ್ತದೆ.

ಪದಾರ್ಥಗಳಿಗೂ ಕೊರತೆ ಇಲ್ಲ. ನೀರುದೋಸೆ, ಒತ್ತು ಶ್ಯಾವಿಗೆ, ಮೂಡೆ, ಪುಂಡಿ, ಪತ್ರೊಡೆ, ಅಕ್ಕಿ ರೊಟ್ಟಿ, ರಾಗಿ ಮುದ್ದೆ, ಬಿಸಿಬೇಳೆ ಬಾತ್, ಕೋಸಂಬರಿ, ಹೆಸರುಬೇಳೆ ಪಾಯಸ, ಹಯಗ್ರೀವ. ಗೋಧಿಗೆ ಬದಲಿ ಹುಡುಕುವ ಕಷ್ಟವೇ ಇಲ್ಲದ ಅಡುಗೆ ನಮ್ಮದು. ವಾರದ ಆರು ದಿನಕ್ಕೆ ಆರು ಬಗೆ ಸಲೀಸಾಗಿ ಆಗುತ್ತದೆ.

ಒಂದು ತಿಂಗಳ ಪ್ರಯೋಗ ಹೇಗೆ?

ಮೊದಲ ವಾರ ಮಾರಾಟ ಬೇಡ. ಬಳಸುವ ಪ್ರತಿಯೊಂದು ಹುಡಿ, ಸಾಸ್, ಇಂಗಿನ ಹಿಂಬದಿಯ ಬರಹ ಓದಿ ಪಟ್ಟಿ ಮಾಡಿ. ಒಂದು ಕಾವಲಿ, ಒಂದು ಬಾಣಲೆ, ಮಿಕ್ಸಿ, ಸೌಟು, ಪಾತ್ರೆ, ಒರೆಸುವ ಬಟ್ಟೆ ಹೊಸದಾಗಿ ತಂದು ಬಣ್ಣದ ಗುರುತು ಹಾಕಿ. ಮೋರಿಯಲ್ಲಿ ಎಲ್ಲದರ ಜೊತೆ ತೊಳೆಯಲು ಹಾಕಬೇಡಿ.

ಎರಡನೇ ವಾರ ಡಬ್ಬಾದ ಅಡುಗೆಯನ್ನು ಮುಂಜಾನೆ, ಅಡುಗೆಮನೆಯಲ್ಲಿ ಮೈದಾ ಚೀಲ ಬಿಚ್ಚುವ ಮುನ್ನವೇ ಮುಗಿಸಿ ಮುಚ್ಚಿಡುವ ಅಭ್ಯಾಸ ಮಾಡಿ. ಹಿಟ್ಟಿನ ಹುಡಿ ಗಾಳಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಮಾಡಿದ ಅಡುಗೆಯ ಮಾದರಿಯನ್ನು ಎನ್.ಎ.ಬಿ.ಎಲ್. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿ ಗ್ಲುಟೆನ್ ಪರೀಕ್ಷೆ ಮಾಡಿಸಿ. ಸಾಂಬಾರನ್ನು ತಪ್ಪದೆ ಕಳುಹಿಸಿ.

ಮೂರನೇ ವಾರ ಪರೀಕ್ಷೆಯ ಫಲಿತಾಂಶ ಸರಿ ಬಂದರೆ ಮಾತ್ರ ಐದು ಗ್ರಾಹಕರಿಗೆ ಆರಂಭಿಸಿ. ಪ್ಯಾಕಿಂಗ್ ಮೇಜು ಬೇರೆ ಇರಲಿ. ಚಪಾತಿ ತುಂಬಿ ಮರಳಿ ಬಂದ ಡಬ್ಬಾವನ್ನು ಇದಕ್ಕೆ ಬಳಸಬೇಡಿ. ಮುಚ್ಚಳದ ಮೇಲೆ ಗ್ರಾಹಕರ ಹೆಸರು, ತಾರೀಕು ಬರೆದು ಸೀಲು ಮಾಡಿ. ದಾರಿಯಲ್ಲಿ ಯಾರೂ ಬಿಚ್ಚಿಲ್ಲ ಎಂಬುದು ತಿಳಿಯಬೇಕು. ಒಂದು ದಿನ ಯಾವುದೋ ಪದಾರ್ಥ ಸಾಲದೆ ಬಂದರೆ ಸಾಮಾನ್ಯ ಅಡುಗೆಯಿಂದ ತುಂಬಿಸಿ ಕಳಿಸಬೇಡಿ. "ಇವತ್ತು ಪಲ್ಯ ಇಲ್ಲ" ಎಂದು ಫೋನು ಮಾಡಿ ಹೇಳಿ. ಗ್ರಾಹಕರು ನಮ್ಮನ್ನು ನಂಬಲು ಆರಂಭಿಸುವುದು ಅಂಥ ಫೋನಿನಿಂದಲೇ.

ನಾಲ್ಕನೇ ವಾರ ಲೆಕ್ಕ ನೋಡಿ. ಉದಾಹರಣೆಗೆ, ಹೊಸ ಸಾಮಾನಿಗೆ 36,000 ರೂ. ತಗುಲಿತು, ವರ್ಷಕ್ಕೆ ಹಂಚಿದರೆ ತಿಂಗಳಿಗೆ 3,000. ಅರ್ಧ ದಿನದ ಆಳಿಗೆ 10,000. ಒಟ್ಟು 13,000. ಐದೇ ಗ್ರಾಹಕರು, 25 ದಿನ ಎಂದರೆ 125 ಡಬ್ಬಾ. ಡಬ್ಬಾಕ್ಕೆ ಹೆಚ್ಚುವರಿ ಖರ್ಚು 104 ರೂ. ಇಪ್ಪತ್ತು ಗ್ರಾಹಕರಾದರೆ 500 ಡಬ್ಬಾ. ಖರ್ಚು 26 ರೂ. ಪರೀಕ್ಷೆಯ ಶುಲ್ಕವನ್ನು ಇದಕ್ಕೆ ಸೇರಿಸಿಕೊಳ್ಳಿ. ಗ್ರಾಹಕರ ಸಂಖ್ಯೆ ಏರದಿದ್ದರೆ ಇದು ನಡೆಯದ ವ್ಯಾಪಾರ.

ಕಾನೂನು ಮತ್ತು ಮಾತು

ಪರೀಕ್ಷೆ ಮಾಡಿಸದೆ "ಗ್ಲುಟೆನ್ ಫ್ರೀ" ಎಂದು ಬೋರ್ಡಿನಲ್ಲೋ ಆ್ಯಪ್‌ನಲ್ಲೋ ಹಾಕಬೇಡಿ. "ಗೋಧಿ, ಮೈದಾ, ರವೆ ಬಳಸಿಲ್ಲ, ಆದರೆ ಅದೇ ಅಡುಗೆಮನೆಯಲ್ಲಿ ತಯಾರಿಸಿದೆ" ಎಂಬುದು ಪ್ರಾಮಾಣಿಕ ಮಾತು, ಸೀಲಿಯಾಕ್ ಇದ್ದವರು ಅದನ್ನು ಓದಿ ತಾವೇ ನಿರ್ಧರಿಸುತ್ತಾರೆ. 2020ರ ಲೇಬಲಿಂಗ್ ನಿಯಮಗಳಂತೆ ಕೇಂದ್ರ ಪರವಾನಗಿ ಇರುವ ಅಥವಾ ಹತ್ತು ಹಾಗೂ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಅಲರ್ಜಿಕಾರಕಗಳ ಮಾಹಿತಿಯನ್ನು ಗ್ರಾಹಕರಿಗೆ ಒದಗಿಸಬೇಕು; ಗ್ಲುಟೆನ್ ಇರುವ ಧಾನ್ಯಗಳು ಆ ಪಟ್ಟಿಯಲ್ಲಿವೆ. ಒಂದೇ ಹೋಟೆಲ್ ಇರುವವರೂ ಈ ಪಟ್ಟಿಯನ್ನು ಗಲ್ಲೆಯಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಒಂದು ಸೂಚನೆ

ಮೇಲಿನ ಲೆಕ್ಕದಿಂದ ಒಂದು ವಿಷಯ ಕಾಣುತ್ತದೆ. ಒಂದೇ ರಸ್ತೆಯ ನಾಲ್ಕು ಹೋಟೆಲುಗಳು ಐದೈದು ಗ್ರಾಹಕರಿಗಾಗಿ ನಾಲ್ಕು ಪ್ರತ್ಯೇಕ ವ್ಯವಸ್ಥೆ ಮಾಡಿದರೆ ನಾಲ್ವರಿಗೂ ನಷ್ಟ. ವಿಭಾಗಕ್ಕೊಂದು ಅಡುಗೆಮನೆಯನ್ನು ಇದಕ್ಕೆ ಮೀಸಲಿಟ್ಟು, ಉಳಿದವರು ತಮ್ಮಲ್ಲಿ ಕೇಳಿಬಂದ ಗ್ರಾಹಕರನ್ನು ಅಲ್ಲಿಗೆ ಕಳಿಸಿದರೆ ಇಪ್ಪತ್ತು ಡಬ್ಬಾ ಕೂಡುತ್ತದೆ, ಪರೀಕ್ಷೆಯ ಖರ್ಚೂ ಹಂಚಿಹೋಗುತ್ತದೆ. ಸಣ್ಣ ಜಾಗದಲ್ಲಿ ಪರೋಟ, ಪೂರಿ ನಿಲ್ಲದೆ ನಡೆಯುವ ಹೋಟೆಲಿನವರು ಇದಕ್ಕೆ ಕೈಹಾಕದಿರುವುದೇ ಕ್ಷೇಮ. "ನಮ್ಮಲ್ಲಿ ಆಗುವುದಿಲ್ಲ, ಇಂಥಲ್ಲಿ ಸಿಗುತ್ತದೆ" ಎಂದು ಹೇಳುವುದೂ ಗ್ರಾಹಕಸೇವೆಯೇ. ಆಸಕ್ತ ಸದಸ್ಯರು ತಮ್ಮ ವಿಭಾಗದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಬೇಕು. ಅಲ್ಲಿಯವರೆಗೆ ನಾಳೆ ಬೆಳಿಗ್ಗೆ ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿಯ ಹಿಂಬದಿ ಓದಿ ನೋಡಿ.