ನಿಮ್ಮ ಸರ್ವೆ ನಂಬರ್ ಹೇಳಿದವರನ್ನು ನಂಬಬೇಡಿ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ಎಲ್ಲ ಮನೆಗಳಿಗೆ: ಮಾಡಬೇಕಾದ್ದು, ಮಾಡಬಾರದ್ದು

ಗುರುತಿಲ್ಲದ ಒಬ್ಬ ಫೋನ್ ಮಾಡಿ ನಿಮ್ಮ ಹೆಸರು, ತಂದೆಯ ಹೆಸರು, ಊರು, ಜಮೀನಿನ ಸರ್ವೆ ನಂಬರ್, ಅದರ ಮೇಲಿರುವ ಸೊಸೈಟಿ ಸಾಲ ಎಲ್ಲವನ್ನೂ ತಪ್ಪಿಲ್ಲದೆ ಹೇಳಬಲ್ಲ. ಹೇಳಿದ ಕೂಡಲೇ ನಮ್ಮ ಜನ ‘ಇವನು ಬ್ಯಾಂಕಿನವನೇ ಇರಬೇಕು, ಇಲ್ಲದಿದ್ದರೆ ಇದೆಲ್ಲ ಹೇಗೆ ಗೊತ್ತು?’ ಎಂದು ನಂಬಿಬಿಡುತ್ತಾರೆ. ಆ ನಂಬಿಕೆಯನ್ನು ಮುರಿಯಲೆಂದೇ ಈ ಸೂಚನೆ. ಅವನು ಒಪ್ಪಿಸಿದ ವಿವರವೆಲ್ಲ ಯಾರು ಬೇಕಾದರೂ ಕೂತಲ್ಲೇ ಮೊಬೈಲ್‌ನಲ್ಲಿ ನೋಡಬಹುದಾದದ್ದು.

ಎಲ್ಲಿ ಸಿಗುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ‘ಭೂಮಿ’ ತಂತ್ರಾಂಶದ ಜಾಲತಾಣದಲ್ಲಿ ಉತ್ತರ ಕನ್ನಡ, ಹಳಿಯಾಳ, ಹೋಬಳಿ, ಗ್ರಾಮ ಎಂದು ಆರಿಸಿ ಸರ್ವೆ ನಂಬರ್ ಹಾಕಿದರೆ ಪಹಣಿ ತೆರೆದುಕೊಳ್ಳುತ್ತದೆ. ಈ ಉತಾರದಲ್ಲಿ ಮಾಲೀಕರ ಹೆಸರು, ಕ್ಷೇತ್ರ, ಋಣ ಎಲ್ಲ ಇವೆ. ಮತದಾರರ ಪಟ್ಟಿ ಭಾಗವಾರು ಸಿಗುತ್ತದೆ. ದಾಂಡೇಲಿ, ಜೋಯಿಡಾದವರದು ಹಳಿಯಾಳ ಕ್ಷೇತ್ರದ ಪಟ್ಟಿಯಲ್ಲಿ, ಮುಂಡಗೋಡದವರದು ಯಲ್ಲಾಪುರ ಕ್ಷೇತ್ರದ್ದರಲ್ಲಿ. ಅದರಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ಸಾಲಾಗಿ ಅಚ್ಚಾಗಿವೆ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ತೆರೆದರೆ ಮನೆಯ ದುಡಿಯುವವರ ಹೆಸರು, ದುಡಿದ ದಿನ, ಬಂದ ಕೂಲಿ. ಪಿಎಂ ಕಿಸಾನ್ ಫಲಾನುಭವಿಗಳ ಪಟ್ಟಿ ಊರೂರಿನದೂ ಇದೆ. ನ್ಯಾಯಾಲಯದಲ್ಲಿ ದಾವೆ ಇದ್ದರೆ ‘ಇ-ಕೋರ್ಟ್ಸ್’ನಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಬಹುದು.

ಇವನ್ನು ಮುಚ್ಚಿಸಿ ಎಂದು ಅರ್ಜಿ ಹಿಡಿದು ಓಡಬೇಡಿ. ಪಹಣಿ ಎಲ್ಲರಿಗೂ ಕಾಣುವುದರಿಂದಲೇ ನಿಮ್ಮ ಹೊಲಕ್ಕೆ ಮತ್ತೊಬ್ಬರ ಹೆಸರು ಸೇರಿದ್ದು ನಿಮಗೆ ತಿಳಿಯುವುದು. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿ ತೆರೆದಿರುವುದರಿಂದಲೇ ಸುಳ್ಳು ಹೆಸರಿನಲ್ಲಿ ಕೂಲಿ ಎತ್ತಿದವರು ಸಾಮಾಜಿಕ ಪರಿಶೋಧನೆಯಲ್ಲಿ ಸಿಕ್ಕಿಬೀಳುವುದು. ಬಡವರಿಗೆ ಈ ಪಾರದರ್ಶಕತೆ ಬೇಕೇ ಬೇಕು. ಆದರೆ ಪ್ರಕಟಿಸುವಾಗ ಅಧಿಕಾರಿಗಳು ಮಿತಿ ಮೀರಿದ್ದೂ ಉಂಟು. ನರೇಗಾ (ಉದ್ಯೋಗ ಖಾತ್ರಿ) ಸೇರಿ ನಾಲ್ಕು ಸರ್ಕಾರಿ ಜಾಲತಾಣಗಳಿಂದ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಬಯಲಾಗಿರಬಹುದೆಂದು ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ 2017ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಅಪಾಯ ಹುಟ್ಟುವುದು ಚೂರುಗಳು ಒಂದೆಡೆ ಸೇರಿದಾಗ. ಉತಾರದಲ್ಲಿ ಫೋನ್ ನಂಬರ್ ಇಲ್ಲ, ಮತದಾರರ ಪಟ್ಟಿಯಲ್ಲಿ ಜನ್ಮದಿನಾಂಕ ಇಲ್ಲ, ಜಾಬ್ ಕಾರ್ಡ್‌ನಲ್ಲಿ ಹೆಬ್ಬೆಟ್ಟು ಇಲ್ಲ. ಆ ಕೊನೆಯ ಚೂರನ್ನು ಬಹಳ ಸಲ ನಾವೇ ಎತ್ತಿ ಕೊಡುತ್ತೇವೆ.

2023ರಲ್ಲಿ ಮಂಗಳೂರು, ಬೆಂಗಳೂರಿನಲ್ಲಿ ಆದದ್ದನ್ನು ನೆನಪಿಡಿ. ಆಸ್ತಿ ನೋಂದಣಿಗೆ ಉಪನೋಂದಣಿ ಕಚೇರಿಗೆ ಹೋಗಿ ಬಂದವರ ಖಾತೆಗಳಿಂದ, ಒಟಿಪಿ ಇಲ್ಲದೆ, ಕರೆಯೂ ಬಾರದೆ ಹಣ ಹೋಯಿತು. ‘ಕಾವೇರಿ’ ತಂತ್ರಾಂಶದಲ್ಲಿ ಸಿಗುತ್ತಿದ್ದ ನೋಂದಾಯಿತ ಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಬೆರಳಚ್ಚೂ ಇತ್ತು. ವಂಚಕರು ಆ ಬೆರಳಚ್ಚಿನ ನಕಲು ತಯಾರಿಸಿ, ಹಳ್ಳಿಗಳಲ್ಲಿ ನಾವು ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಯಲ್ಲಿ ಹಣ ಎಳೆದರು. ಮಂಗಳೂರು ಪೊಲೀಸರು ಬಿಹಾರದವರನ್ನು ಬಂಧಿಸಿದರು. ಆಮೇಲೆ ನೋಂದಣಿ ಇಲಾಖೆ ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮಾಡಿತು.

ಇನ್ನೊಂದು ನಮ್ಮ ಗಡಿಯಲ್ಲೇ ನಡೆದದ್ದು. ಹಳಿಯಾಳ, ಜೋಯಿಡಾಕ್ಕೆ ಹೊಂದಿಕೊಂಡ ಖಾನಾಪುರ ತಾಲ್ಲೂಕಿನಲ್ಲಿ 2025ರ ಮಾರ್ಚ್‌ನಲ್ಲಿ ವೃದ್ಧ ದಂಪತಿ ‘ನಿಮ್ಮ ದಾಖಲೆ ಬಳಸಿ ಯಾರೋ ಸಿಮ್ ಕೊಂಡಿದ್ದಾರೆ’ ಎಂಬ ಕರೆಗೆ ಹೆದರಿ 50 ಲಕ್ಷ ರೂಪಾಯಿಗೂ ಹೆಚ್ಚು ಕಳೆದುಕೊಂಡು, ಕೊನೆಗೆ ಪ್ರಾಣವನ್ನೂ ಕಳೆದುಕೊಂಡರು. ಇಂಥ ಕರೆಗಳಲ್ಲಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕರೆಯಲ್ಲಿ ಯಾವ ಪೊಲೀಸರೂ ಬಂಧಿಸುವುದಿಲ್ಲ. ಮನೆಯ ಹಿರಿಯರಿಗೆ ಇದನ್ನು ಇಂದೇ ಹೇಳಿ, ನಾಳೆಗೆ ಬಿಡಬೇಡಿ.

ಮಾಡಬಾರದ್ದು

ವಿವರ ಸರಿಯಾಗಿ ಹೇಳಿದ ಎಂಬ ಕಾರಣಕ್ಕೆ ಯಾರನ್ನೂ ನಂಬಬಾರದು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಯಿತು. ‘ಬ್ಯಾಂಕ್ ಬದಲಾಗಿದೆ, ಕೆವೈಸಿ ಮಾಡಬೇಕು’ ಎನ್ನಲು ಇಂಥ ನಿಜವಾದ ಸುದ್ದಿಯೇ ಸಾಕು. ಕರೆ ಕಟ್ ಮಾಡಿ. ಶಾಖೆಗೆ ಹೋಗಿ, ಅಥವಾ ಪಾಸ್‌ಬುಕ್ಕಿನಲ್ಲಿ ಅಚ್ಚಾದ ನಂಬರಿಗೆ ನೀವೇ ಕರೆ ಮಾಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರಿಗೆ ಕರೆ ಮಾಡಲೇಬಾರದು.

ಮನೆ ಬಾಗಿಲಿಗೆ ಬಂದವರಿಗೂ ಇದೇ ನಿಯಮ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ‘ಚಿಲುಮೆ’ ಸಂಸ್ಥೆಯ ಪ್ರಕರಣ ಹೊರಬಿತ್ತು. ಮತಗಟ್ಟೆ ಅಧಿಕಾರಿಗಳೆಂದು ಹೇಳಿಕೊಂಡು ಮತದಾರರ ಮಾಹಿತಿ ಕಲೆಹಾಕಿದ ಆರೋಪ ಅದು. ಕುತ್ತಿಗೆಯಲ್ಲಿ ಗುರುತಿನ ಚೀಟಿ ನೇತಾಡುತ್ತಿದ್ದರೆ ಸಾಲದು. ನಿಮ್ಮ ಊರಿನ ಮತಗಟ್ಟೆ ಅಧಿಕಾರಿ (ಬಿಎಲ್ಒ) ಯಾರೆಂದು ಪಂಚಾಯಿತಿಯಲ್ಲಿ ಕೇಳಿ ತಿಳಿದಿರಿ. ಹೆಚ್ಚಿನ ಊರುಗಳಲ್ಲಿ ಅವರು ಪರಿಚಯದ ಅಂಗನವಾಡಿ ಕಾರ್ಯಕರ್ತೆಯೋ ಶಿಕ್ಷಕರೋ ಆಗಿರುತ್ತಾರೆ.

ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್‌ಗಳ ಫೋಟೊವನ್ನು ವಾಟ್ಸಾಪ್ ಗ್ರೂಪಿಗೆ ಹಾಕಬಾರದು. ಪಂಚಾಯಿತಿ ಗ್ರೂಪ್, ಸಂಘದ ಗ್ರೂಪ್, ಬೂತ್ ಗ್ರೂಪ್ ಯಾವುದೂ ಇದಕ್ಕೆ ಹೊರತಲ್ಲ. ಗ್ರೂಪಿನಲ್ಲಿ ನೂರಾರು ಜನ ಇರುತ್ತಾರೆ, ಅಷ್ಟೂ ಮೊಬೈಲುಗಳಿಗೆ ನಿಮ್ಮ ಕಾರ್ಡ್ ಇಳಿಯುತ್ತದೆ. ಗ್ರೂಪ್ ನಡೆಸುವ ಸದಸ್ಯರು, ಕಾರ್ಯದರ್ಶಿಗಳು ‘ಇಲ್ಲೇ ಹಾಕಿ’ ಎಂದು ಕೇಳುವುದನ್ನು ನಿಲ್ಲಿಸಬೇಕು.

ಝೆರಾಕ್ಸ್ ಅಂಗಡಿಯಲ್ಲಿ ಕಾಗದ ಬಿಟ್ಟು ಬರಬಾರದು. ಜೋಯಿಡಾದ ಒಳ ಊರುಗಳಲ್ಲಿ ನೆಟ್‌ವರ್ಕ್ ಸಿಗದೆ ಎಷ್ಟೋ ಮನೆಗಳು ಒಂದೇ ಸೇವಾ ಕೇಂದ್ರವನ್ನು ನೆಚ್ಚಿಕೊಂಡಿವೆ. ಗೃಹಲಕ್ಷ್ಮಿಗೂ ಅಲ್ಲೇ, ಜಾತಿ ಪ್ರಮಾಣಪತ್ರಕ್ಕೂ ಅಲ್ಲೇ. ಪ್ರಿಂಟ್ ತೆಗೆಯಲು ವಾಟ್ಸಾಪ್ ಮಾಡಿದ ಫೈಲನ್ನು ನಿಮ್ಮ ಕಣ್ಣೆದುರೇ ಅಳಿಸಲು ಹೇಳಿ. ಕೆಟ್ಟ ಪ್ರತಿಯನ್ನೂ ಕೇಳಿ ಪಡೆಯಿರಿ. ಒಂದೇ ಸಲಕ್ಕೆ ಹೆಬ್ಬೆಟ್ಟು ಸಾಕಾಗುವ ಕಡೆ ‘ಬರಲಿಲ್ಲ, ಮತ್ತೊಮ್ಮೆ ಒತ್ತಿ’ ಎಂದರೆ, ಪರದೆಯಲ್ಲಿ ಏನು ಬಂದಿದೆ ಎಂದು ಓದಿದ ಮೇಲೆಯೇ ಒತ್ತಿ. ಓದು ಬಾರದವರು ಓದಬಲ್ಲ ಮಕ್ಕಳನ್ನು ಕರೆದುಕೊಂಡು ಹೋಗಿ.

ಮಕ್ಕಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಹಾಲ್ ಟಿಕೆಟ್‌ಗಳನ್ನು ಸ್ಟೇಟಸ್‌ಗೆ ಹಾಕಬಾರದು. ಅವುಗಳಲ್ಲಿ ನೋಂದಣಿ ಸಂಖ್ಯೆ, ತಂದೆತಾಯಿಯ ಹೆಸರು, ಫೋಟೊ ಎಲ್ಲ ಒಟ್ಟಿಗೇ ಇರುತ್ತವೆ. ಮಗಳು ಪಾಸಾದ ಸಂತೋಷಕ್ಕೆ ಅವಳ ಹೆಸರು, ಅಂಕ ಬರೆದರೆ ಸಾಕು.

ವಧು-ವರರ ಗ್ರೂಪುಗಳ ಬಗ್ಗೆ ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ನಾವು ಹಂಚುವ ಬಯೋಡೇಟಾದಲ್ಲಿ ಹುಡುಗಿಯ ಫೋಟೊ, ಹುಟ್ಟಿದ ದಿನ, ಗಳಿಗೆ, ಊರು, ಕೆಲಸದ ಜಾಗ, ಸಂಬಳ, ತಾಯಿಯ ತವರು, ಮನೆ ವಿಳಾಸ, ಮೊಬೈಲ್ ನಂಬರ್ ಎಲ್ಲ ಒಂದೇ ಪುಟದಲ್ಲಿರುತ್ತವೆ. ವಂಚಕ ನಾಲ್ಕಾರು ಕಡೆ ಹುಡುಕಬೇಕಾದದ್ದನ್ನು ನಾವೇ ಒಟ್ಟು ಮಾಡಿ ಕೊಟ್ಟ ಹಾಗಾಯಿತು. ಮದುವೆ ಆಗಿ ಮಗು ಹುಟ್ಟಿದ ಮೇಲೂ ಆ ಪುಟ ಗ್ರೂಪಿಂದ ಗ್ರೂಪಿಗೆ ಓಡುತ್ತಲೇ ಇರುತ್ತದೆ. ಮೊದಲ ಸುತ್ತಿಗೆ ವಯಸ್ಸು, ಓದು, ತಾಲ್ಲೂಕು ಸಾಕು. ಸಂಪರ್ಕಕ್ಕೆ ಹಿರಿಯರೊಬ್ಬರ ನಂಬರ್ ಕೊಡಿ. ಜಾತಕ, ವಿಳಾಸ, ಫೋಟೊಗಳನ್ನು ಎದುರಿನ ಮನೆಯವರು ಯಾರೆಂದು ತಿಳಿದ ಮೇಲೆ ಅವರೊಬ್ಬರಿಗೇ ಕಳಿಸಿ.

ಮುಂಡಗೋಡದ ಟಿಬೆಟಿಯನ್ ಕ್ಯಾಂಪುಗಳಿಗೆ ಹೋಗುವ ಪ್ರವಾಸಿಗರು, ನಮ್ಮೂರಿನ ವ್ಲಾಗರ್‌ಗಳು ಭಿಕ್ಷುಗಳ, ಅಲ್ಲಿನ ನಿವಾಸಿಗಳ ಮುಖ ಮತ್ತು ಹೆಸರನ್ನು ಜೊತೆಗೆ ಹಾಕಬಾರದು. 1966ರಿಂದ ನಮ್ಮ ಜೊತೆ ಬಾಳುತ್ತಿರುವ ಈ ಜನರಲ್ಲಿ ಟಿಬೆಟಿನಲ್ಲಿ ಬಂಧುಗಳನ್ನು ಬಿಟ್ಟು ಬಂದವರು ಇದ್ದಾರೆ. ಇಲ್ಲಿ ನೀವು ಹಾಕಿದ ಒಂದು ಟ್ಯಾಗ್‌ಗೆ ಅಲ್ಲಿನ ತಾಯಿಯೋ ಅಣ್ಣನೋ ಉತ್ತರ ಹೇಳಬೇಕಾಗಬಹುದು. ಹೆದರಿಕೆಗೆ ಕಾರಣವೂ ಇದೆ. ಧರ್ಮಶಾಲಾದ ದಲೈ ಲಾಮಾ ಕಚೇರಿಯ ಕಂಪ್ಯೂಟರುಗಳಿಗೂ ಗೂಢಚಾರ ತಂತ್ರಾಂಶ ನುಗ್ಗಿದ್ದನ್ನು 2009ರ ಮಾರ್ಚ್‌ನಲ್ಲಿ ‘ಘೋಸ್ಟ್‌ನೆಟ್’ ವರದಿ ಬಯಲು ಮಾಡಿತು. 103 ದೇಶಗಳ 1,295 ಕಂಪ್ಯೂಟರುಗಳು ಅದರ ಬಲೆಯಲ್ಲಿದ್ದವು. ಪರಿಚಿತರಿಂದ ಬಂದಂತೆ ಕಾಣುವ ಇ-ಮೇಲ್ ಲಗತ್ತನ್ನು ತೆರೆದದ್ದೇ ಅದಕ್ಕೆ ದಾರಿ. ಕೇಳದೇ ಫೋಟೊ ತೆಗೆಯಬೇಡಿ. ಒಪ್ಪಿದರೂ ಹೆಸರು, ಮಠ, ಕ್ಯಾಂಪ್ ನಂಬರ್ ಬರೆಯಬೇಡಿ.

ಮಾಡಬೇಕಾದ್ದು

ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. ಎಂ-ಆಧಾರ್ ಆ್ಯಪ್‌ನಲ್ಲಿ ಮಾಡಬಹುದು, ಅದಕ್ಕೆ ಆಧಾರ್‌ಗೆ ಮೊಬೈಲ್ ಜೋಡಣೆ ಆಗಿರಬೇಕು. ಒಂದು ಮಾತು ಗಮನದಲ್ಲಿರಲಿ: ಲಾಕ್ ಇದ್ದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟೂ ನಡೆಯುವುದಿಲ್ಲ. ನೆಟ್‌ವರ್ಕ್ ಇರುವ ಊರಿನವರು ರೇಷನ್ ತರುವ ಹೊತ್ತಿಗೆ ತಾತ್ಕಾಲಿಕವಾಗಿ ತೆರೆದುಕೊಳ್ಳಬಹುದು. ಕಾಡಂಚಿನ ಊರಿನವರಿಗೆ ಇದು ಕಷ್ಟ. ಅಂಥವರು, ಹೆಬ್ಬೆಟ್ಟಿನಿಂದ ಹಣ ತೆಗೆಯುವ ಅಭ್ಯಾಸ ಇಲ್ಲದಿದ್ದರೆ, ತಮ್ಮ ಖಾತೆಗೆ ಎಇಪಿಎಸ್ ನಿಲ್ಲಿಸಲು ಬ್ಯಾಂಕಿಗೆ ಬರೆದು ಕೊಡಲಿ.

ಆಧಾರ್ ಪ್ರತಿ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೊಡಿ. ಮೇಲೆ ಅಡ್ಡಲಾಗಿ, ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಎಂದು ಬರೆಯಿರಿ.

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ದೂರಿ. ವಾಟ್ಸಾಪ್ ಫೋಟೊ ಪರಿಚಿತರಿಗೆ ಮಾತ್ರ ಕಾಣಲಿ. ಫೇಸ್‌ಬುಕ್ ಪ್ರೊಫೈಲ್ ಲಾಕ್ ಮಾಡಿ, ಗೆಳೆಯರ ಪಟ್ಟಿ ಮುಚ್ಚಿ. ಟ್ರೂಕಾಲರ್‌ನಲ್ಲಿ ನಿಮ್ಮ ಹೆಸರು ಬೇಡವೆಂದರೆ ತೆಗೆಸಲು ಅದರ ತಾಣದಲ್ಲೇ ‘ಅನ್‌ಲಿಸ್ಟ್’ ಪುಟ ಇದೆ. ವಿಳಾಸ, ಫೋನ್ ನಂಬರ್ ಹುಡುಕಾಟದಲ್ಲಿ ಬರುತ್ತಿದ್ದರೆ ತೆಗೆಯುವಂತೆ ಗೂಗಲ್‌ಗೆ ಕೋರಿಕೆ ಸಲ್ಲಿಸಬಹುದು.

ದಾಂಡೇಲಿ, ಗಣೇಶಗುಡಿ ಸುತ್ತಿನ ಹೋಂಸ್ಟೇ, ರೆಸಾರ್ಟ್, ರಾಫ್ಟಿಂಗ್ ನಡೆಸುವವರಿಗೆ ಬೇರೆಯೇ ಹೊಣೆ ಇದೆ. ವಾರಾಂತ್ಯಕ್ಕೆ ಬರುವ ಹುಬ್ಬಳ್ಳಿ, ಬೆಂಗಳೂರು, ಗೋವಾದ ಅತಿಥಿಗಳ ಗುರುತಿನ ಚೀಟಿಗಳನ್ನು ಕೆಲಸದ ಹುಡುಗನ ಸ್ವಂತ ಮೊಬೈಲ್‌ನಲ್ಲಿ ಫೋಟೊ ಹಿಡಿಯಬೇಡಿ. ಆ ಹುಡುಗ ಮುಂದಿನ ತಿಂಗಳು ಬೇರೆ ರೆಸಾರ್ಟ್ ಸೇರುತ್ತಾನೆ, ಮೊಬೈಲ್ ಮಾರುತ್ತಾನೆ, ಫೋಟೊಗಳು ಅದರೊಂದಿಗೇ ಹೋಗುತ್ತವೆ. ಚೀಟಿ ನೋಡಿ, ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಿ. ಪ್ರತಿ ಬೇಕೇ ಬೇಕೆಂದರೆ ಕಚೇರಿಯ ಒಂದೇ ಸಾಧನದಲ್ಲಿ, ಬೀಗದಲ್ಲಿ ಇಡಿ. ಅವಧಿ ಮುಗಿದದ್ದನ್ನು ಅಳಿಸಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ಅಂಕಿತ ಬಿದ್ದಿದೆ, 2025ರ ನವೆಂಬರ್‌ನಲ್ಲಿ ನಿಯಮಗಳೂ ಪ್ರಕಟವಾಗಿವೆ. ಹಂತ ಹಂತವಾಗಿ ಜಾರಿಗೆ ಬರುವ ಈ ಕಾನೂನಿನಲ್ಲಿ ದತ್ತಾಂಶ ಕಾಯದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

‘ನಮ್ಮಂಥವರಿಗೆ ಯಾವ ಗುಟ್ಟು’ ಎನ್ನುವವರು ಈ ಹಕ್ಕು ಎಲ್ಲಿಂದ ಬಂತೆಂದು ತಿಳಿಯಿರಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದರು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ವರ್ಷದ ಜನವರಿಯಲ್ಲಿ ನಮ್ಮ ಹೈಕೋರ್ಟ್, ಒಬ್ಬ ತಂದೆಯ ಅರ್ಜಿಯ ಮೇಲೆ, ಅಂತರ್ಜಾಲದ ಹುಡುಕಾಟದಲ್ಲಿ ಮಗಳ ಹೆಸರು ಹಳೆಯ ಆದೇಶದೊಂದಿಗೆ ಕಾಣಿಸಿಕೊಳ್ಳದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಸೂಚಿಸಿತ್ತು. ಹಳೆಯ ಪ್ರಕರಣದ ಕಾರಣ ಮಗಳ ಬಾಳಿಗೆ ತೊಂದರೆ ಆಗುತ್ತಿದ್ದರೆ ವಕೀಲರ ಮೂಲಕ ನೀವೂ ಹಾಗೆ ಕೇಳಬಹುದು.

ಹಣ ಹೋಗಿದ್ದರೆ

ನಾಚಿಕೆಪಟ್ಟು ಮುಚ್ಚಿಡಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮತ್ತೊಂದು ಖಾತೆಗೆ ದಾಟುವ ಮೊದಲು ತಡೆಯಲು ಸಿಗುವ ಸಮಯ ಬಹಳ ಕಡಿಮೆ. ಆಮೇಲೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಇಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳುತ್ತದೆ. ಸೈಬರ್ ಅಪರಾಧ ನೋಡುವ ಕಾರವಾರದ ಸಿಇಎನ್ ಠಾಣೆ ದೂರ ಎಂದು ಕೂರಬೇಡಿ, ನಿಮ್ಮ ಊರಿನ ಠಾಣೆಯಲ್ಲೇ ದೂರು ಕೊಡಿ. ಫೋಟೊ ಹಿಡಿದು ಬೆದರಿಸುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಚಾಟ್ ಅಳಿಸಬೇಡಿ. ಕರೆ ಬಂದ ನಂಬರ್, ಹೊತ್ತು, ಹಣ ವರ್ಗಾವಣೆಯ ಯುಟಿಆರ್ ಸಂಖ್ಯೆ, ಸಂದೇಶಗಳ ಸ್ಕ್ರೀನ್‌ಶಾಟ್ ಇಷ್ಟನ್ನೂ ಕಾಗದದಲ್ಲೂ ಬರೆದು ಠಾಣೆಗೆ ಒಯ್ಯಿರಿ.