ಡಾಂಬರಿನಿಂದ ಬಂದ ಮನೆಮದ್ದುಗಳು

ಬೀರುವಿನಲ್ಲಿ ಬಟ್ಟೆಗಳ ನಡುವೆ ಇಡುವ ಬಿಳಿ ಉಂಡೆಯನ್ನು ನಾವು ಡಾಂಬರು ಗುಳಿಗೆ ಎನ್ನುತ್ತೇವೆ. ಇಷ್ಟು ಬೆಳ್ಳಗಿರುವ ವಸ್ತುವಿಗೆ ಕಪ್ಪು ಡಾಂಬರಿನ ಹೆಸರೇಕೆ ಎಂದು ಯೋಚಿಸಿದ್ದೀರಾ? ಆ ಹೆಸರು ಸುಮ್ಮನೆ ಬಂದದ್ದಲ್ಲ. ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಮೂಲತಃ ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ವಸ್ತು. ಇದೇ ಡಾಂಬರಿನಿಂದ ಇನ್ನೂ ಅನೇಕ ಮದ್ದುಗಳು ಮನೆಗಳಿಗೆ ಬಂದವು.

ಕಸದಿಂದ ಮದ್ದು

ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ನಗರಗಳ ಬೀದಿದೀಪಗಳು ಕಲ್ಲಿದ್ದಲಿನ ಅನಿಲದಿಂದ ಉರಿಯುತ್ತಿದ್ದವು. ಗಾಳಿಯಾಡದಂತೆ ಕಲ್ಲಿದ್ದಲನ್ನು ಕಾಯಿಸಿದಾಗ ಅನಿಲದ ಜೊತೆ ಅಂಟಂಟಾದ ಕಪ್ಪು ಡಾಂಬರೂ ಉಳಿಯುತ್ತಿತ್ತು. ಮೊದಮೊದಲು ಅದು ಕಾರ್ಖಾನೆಗಳಿಗೆ ಬೇಡವಾದ ಕಸ. 1834ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ರುಂಗೆ ಅದರಿಂದ ಕಾರ್ಬಾಲಿಕ್ ಆಮ್ಲವನ್ನು ಬೇರ್ಪಡಿಸಿದರು. ಇದಕ್ಕೆ ಇಂದಿನ ಹೆಸರು ಫೀನಾಲ್.

ಕಾರ್ಲೈಲ್ ಪಟ್ಟಣದಲ್ಲಿ ಚರಂಡಿಯ ದುರ್ವಾಸನೆ ತಡೆಯಲು ಈ ಆಮ್ಲವನ್ನು ಬಳಸಿದ ಸುದ್ದಿ ಗ್ಲಾಸ್ಗೋದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಅವರ ಕಿವಿಗೆ ಬಿತ್ತು. 1865ರಲ್ಲಿ ಅವರು ಕಾಲಿನ ಮೂಳೆ ಮುರಿದು ಗಾಯವಾಗಿದ್ದ ಹನ್ನೊಂದು ವರ್ಷದ ಬಾಲಕನಿಗೆ ಕಾರ್ಬಾಲಿಕ್ ಹಚ್ಚಿದ ಪಟ್ಟಿ ಕಟ್ಟಿದರು. ಅಂಥ ಗಾಯ ಕೀವಾಗಿ ಕಾಲು ಕತ್ತರಿಸಬೇಕಾಗುತ್ತಿದ್ದ ಕಾಲವದು. ಬಾಲಕನ ಗಾಯ ಕೀವಿಲ್ಲದೆ ಮಾಗಿತು. ಮುಂದೆ ಕಾರ್ಬಾಲಿಕ್ ಸಾಬೂನು, ನೆಲ ಒರೆಸುವ ಕಪ್ಪು ಫಿನಾಯಿಲ್ ಮನೆಮನೆಗೆ ತಲುಪಿದವು.

ಜ್ವರದ ಮಾತ್ರೆ

1886ರಲ್ಲಿ ಸ್ಟ್ರಾಸ್‌ಬರ್ಗ್‌ನ ಇಬ್ಬರು ವೈದ್ಯರು ಹೊಟ್ಟೆಯ ಹುಳುವಿಗೆಂದು ರೋಗಿಗೆ ನ್ಯಾಫ್ತಲೀನ್ ಕೊಡಲು ಹೊರಟಿದ್ದರು. ಔಷಧಿ ಅಂಗಡಿಯಿಂದ ತಪ್ಪಿ ಅಸಿಟನಿಲೈಡ್ ಎಂಬ ಬೇರೆ ಪುಡಿ ಬಂತು. ಹುಳು ಹೋಗಲಿಲ್ಲ, ಆದರೆ ಜ್ವರ ಇಳಿಯಿತು! ಕಾರ್ಖಾನೆಗಳು ಇದನ್ನು ಜ್ವರದ ಮದ್ದಾಗಿ ಮಾರತೊಡಗಿದವು. ಆದರೆ ಅದು ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಗ್ಗಿಸುತ್ತಿತ್ತು, ಸೇವಿಸಿದವರ ತುಟಿ ನೀಲಿಯಾಗುತ್ತಿತ್ತು. ಅದರ ಬದಲು ಬಂದ ಫೆನಾಸಿಟಿನ್ ಬಹುಕಾಲ ತಿಂದವರ ಮೂತ್ರಪಿಂಡವನ್ನು ಕೆಡಿಸಿತು. ಕೊನೆಗೆ 1948ರಲ್ಲಿ ಅಮೆರಿಕದ ಬ್ರಾಡಿ ಮತ್ತು ಆಕ್ಸೆಲ್‌ರಾಡ್ ಇದರ ಗುಟ್ಟನ್ನು ಬಿಡಿಸಿದರು. ಅಸಿಟನಿಲೈಡ್ ದೇಹದೊಳಗೆ ಪ್ಯಾರಾಸಿಟಮಾಲ್ ಆಗಿ ಬದಲಾಗಿ ನೋವು ಕಳೆಯುತ್ತದೆ. ಹಾಗಾದರೆ ನೇರವಾಗಿ ಪ್ಯಾರಾಸಿಟಮಾಲನ್ನೇ ಕೊಡಬಹುದಲ್ಲ! ಇಂದು ನಿಮ್ಮ ಮನೆಯಲ್ಲಿರುವ ಜ್ವರದ ಮಾತ್ರೆಯ ಕಥೆ ಇದು.

ಮದ್ದೂ ಹೌದು, ವಿಷವೂ ಹೌದು

ಈ ಇತಿಹಾಸದ ಪಾಠವೊಂದಿದೆ. ಹಳೆಯದು, ಎಲ್ಲರೂ ಬಳಸುತ್ತಾರೆ ಎಂಬ ಕಾರಣಕ್ಕೆ ಯಾವುದೂ ನಿರಪಾಯಕಾರಿಯಲ್ಲ.

ಮುಖ್ಯವಾಗಿ ಡಾಂಬರು ಗುಳಿಗೆಯ ವಿಷಯದಲ್ಲಿ ಎಚ್ಚರವಿರಲಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಇದು ವಂಶದಿಂದ ಬರುವಂಥದ್ದು, ಗಂಡುಮಕ್ಕಳಲ್ಲಿ ಹೆಚ್ಚು. ಅಂಥ ಮಗು ನ್ಯಾಫ್ತಲೀನ್ ಆವಿಯನ್ನು ಉಸಿರಾಡಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ನವಜಾತ ಶಿಶುವಿನಲ್ಲಿ ಕಾಮಾಲೆ ಏರಿ ಮಿದುಳಿಗೇ ಹಾನಿಯಾಗಬಹುದು. ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಶಾಲು, ಕಂಬಳಿಯನ್ನು ಪ್ರೀತಿಯಿಂದ ಕೂಸಿಗೆ ಹೊದಿಸುವಾಗಲೇ ಈ ಅಪಾಯ ಬರುವುದು.

ಹೀಗೆ ಮಾಡಿ:

• ಮಗುವಿನ ಬಟ್ಟೆಯ ಬಳಿ ಡಾಂಬರು ಗುಳಿಗೆ ಇಡಲೇಬೇಡಿ. ಗುಳಿಗೆಯೊಂದಿಗೆ ಇಟ್ಟಿದ್ದ ಬಟ್ಟೆಯನ್ನು ಕೂಸಿಗೆ ಬಳಸಬೇಡಿ.

• ಶಿಶುವಿನ ಕಣ್ಣು, ಮೈ ಹಳದಿಯಾದರೆ, ಮೂತ್ರ ಕಪ್ಪಾದರೆ, ಹಾಲು ಕುಡಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಗುಳಿಗೆ ಇತ್ತೆಂಬುದನ್ನು ವೈದ್ಯರಿಗೆ ತಿಳಿಸಿ.

• ಫಿನಾಯಿಲನ್ನು ನೀರಿನ ಅಥವಾ ಶರಬತ್ತಿನ ಬಾಟಲಿಗೆ ತುಂಬಬೇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಬಾಟಲಿಯ ಸಮೇತ ಆಸ್ಪತ್ರೆಗೆ ಧಾವಿಸಿ.

• ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತು ಕೆಡುತ್ತದೆ. ಅನೇಕ ಶೀತದ ಮಾತ್ರೆಗಳಲ್ಲೂ ಅದು ಇರುತ್ತದೆ. ಎರಡನ್ನೂ ಒಟ್ಟಿಗೆ ನುಂಗುವ ಮುನ್ನ ಪೊಟ್ಟಣದ ಮೇಲಿನ ಹೆಸರು ಓದಿ. ಮಕ್ಕಳಿಗೆ ತೂಕ ನೋಡಿ ವೈದ್ಯರು ಹೇಳಿದಷ್ಟೇ ಕೊಡಿ.

ಇಂದೇ ಒಮ್ಮೆ ಬೀರುವಿನ ಬಾಗಿಲು ತೆರೆದು ನೋಡಿ. ಮನೆಯಲ್ಲಿ ಪುಟ್ಟ ಕೂಸಿದ್ದರೆ, ಆ ಬಿಳಿ ಗುಳಿಗೆಗಳಿಗೆ ಅಲ್ಲಿ ಜಾಗವಿಲ್ಲ.